ಕೈಬಿಗಿ

ಮೂಗಿನ ತುದಿಯಲ್ಲಿ ಸಿಟ್ಟಿರುವವನು ಸಾಣೆಕಲ್ಲಿನ ಎದುರು ನಿಲ್ಲಬಾರದು ಎಂದು ನನಗೆ ಕೆಲಸ ಕಲಿಸಿದ ಬೈಕಂಪಾಡಿಯ ಮೇಸ್ತ್ರಿ ಹೇಳುತ್ತಿದ್ದರು. ಹೇಳುತ್ತಿದ್ದದ್ದು ನನ್ನ ಕಿವಿ ಹಿಂಡುತ್ತಾ. ಅವರಿಗೂ ಸಿಟ್ಟು ಕಡಿಮೆ ಇರಲಿಲ್ಲ ಎಂಬುದಕ್ಕೆ ನನ್ನ ಎಡಗಿವಿಯೇ ಸಾಕ್ಷಿ. ನಾನು ಅವರಿಂದ ಕೆಲಸವನ್ನೂ ಕಲಿತೆ, ಸಿಟ್ಟನ್ನೂ ಕಲಿತೆ, ಎರಡನ್ನೂ ಕಟ್ಟಿಕೊಂಡು ದುಬೈಗೆ ಬಂದೆ. ಇಂಟರ್‌ನ್ಯಾಷನಲ್ ಸಿಟಿಯ ಆರು ಜನರ ರೂಮಿನಲ್ಲಿ ನನ್ನ ಬಾಣಲೆಯಲ್ಲಿ ಮೊಟ್ಟೆ ಹುರಿದ ಒಬ್ಬನ ಹಲ್ಲು ಅಲುಗಾಡುವ ಹಾಗೆ ಹೊಡೆದಿದ್ದೆ. ಮರುದಿನ ಅವನಿಗೆ ನಾನೇ ಗಂಜಿ ಮಾಡಿಕೊಟ್ಟೆ. ನನ್ನ ಸಿಟ್ಟು ಅಷ್ಟೇ, ಹಾಲು ಉಕ್ಕಿದ ಹಾಗೆ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಉಕ್ಕಿದ ಹಾಲು ಯಾರ ಕಾಲ ಮೇಲೆ ಬೀಳುತ್ತದೆ ಎಂದು ಯೋಚಿಸಿದವನಲ್ಲ.

ನನ್ನ ಕೆಲಸ ಇಷ್ಟು. ಮಿಲ್ಲಿಂಗ್ ಮಷಿನ್ ಉಕ್ಕನ್ನು ಕೆರೆದು ಸಮ ಮಾಡುತ್ತದೆ. ಹಾಗೆ ಕೆರೆಯುವ ಹಲ್ಲುಗಳನ್ನು ತಿರುಗುವ ಕಲ್ಲಿಗೆ ಹಿಡಿದು ಹರಿತ ಮಾಡಿ, ಬೇಕಾದ ಕೋನಕ್ಕೆ ತಂದು, ಹಿಡಿಕೆಯಲ್ಲಿ ಕೂರಿಸಿ ಮಷಿನ್ ನಡೆಸುವವನ ಕೈಗೆ ಕೊಡುವವನು ನಾನು. ಅಳತೆ ಹಿಡಿಯುವ ಉಪಕರಣಗಳಿದ್ದರೂ ಕೊನೆಗೆ ನಂಬುವುದು ಹೆಬ್ಬೆರಳಿನ ಉಗುರನ್ನು. ಅಲಗನ್ನು ಉಗುರಿನ ಮೇಲೆ ಇಟ್ಟಾಗ ಜಾರದೆ ಕಚ್ಚಿಕೊಂಡರೆ ಹರಿತವಾಯಿತು ಎಂದು ಲೆಕ್ಕ. ನನ್ನ ಎರಡೂ ಹೆಬ್ಬೆರಳ ಉಗುರುಗಳ ಮೇಲೆ ಈಗಲೂ ಗೀರುಗಳಿವೆ.

ಮಷಿನ್ ನಡೆಸುವವರು ನನ್ನ ಭಾವ, ಅಕ್ಕನ ಗಂಡ. ರಾಸ್ ಅಲ್ ಖೋರ್‌ನ ಆ ವರ್ಕ್‌ಶಾಪಿಗೆ ನನ್ನನ್ನು ಕರೆಸಿ, ವೀಸಾ ಮಾಡಿಸಿ, ಮೊದಲ ದಿನವೇ ಎಲ್ಲರೆದುರು "ಇವ ನನ್ನ ಹೆಂಡತಿಯ ತಮ್ಮ, ಆದ್ರೆ ತಪ್ಪು ಮಾಡಿದ್ರೆ ನಾನೇ ಮೊದಲು ಬಡಿಯುದು" ಎಂದು ಸಾರಿದವರು. ಮಾತಿಗೆ ತಪ್ಪುವ ಜಾತಿ ಅಲ್ಲ. ಅವರು ಎಸೆದ ಸ್ಪ್ಯಾನರ್ ಒಮ್ಮೆ ನನ್ನ ಕಿವಿಯ ಪಕ್ಕದ ತಗಡಿನ ಗೋಡೆಯನ್ನು ತೂತು ಮಾಡಿತ್ತು. ಆ ತೂತಿನಿಂದ ಬೆಳಿಗ್ಗೆ ಹತ್ತರ ಹೊತ್ತಿಗೆ ಬಿಸಿಲು ನೇರ ನನ್ನ ಬೆಂಚಿನ ಮೇಲೆ ಬೀಳುತ್ತಿತ್ತು. ಆದರೂ ಅವರಂಥ ಕೆಲಸಗಾರ ಆ ಸಾಲಿನ ಹತ್ತು ವರ್ಕ್‌ಶಾಪಿನಲ್ಲಿ ಇರಲಿಲ್ಲ, ಇದನ್ನು ನಾನು ಸಿಟ್ಟಿನಲ್ಲಿದ್ದಾಗಲೂ ಒಪ್ಪುತ್ತೇನೆ.

ಭಾವನದೊಂದು ಕಾನೂನು ಇತ್ತು. ಫ್ಲೈ ಕಟರ್ ಎಂಬ ಒಂದು ಸಾಧನ ಉಂಟು. ಉಕ್ಕಿನ ದಪ್ಪ ಗುಂಡು, ಅದರ ಓರೆ ತೂತಿನಲ್ಲಿ ಕಿರುಬೆರಳಿನಷ್ಟು ದೊಡ್ಡ ಒಂದೇ ಒಂದು ಹಲ್ಲು. ಆ ಹಲ್ಲನ್ನು ನಾವು ಬಿಟ್ ಎನ್ನುತ್ತೇವೆ. ಬದಿಯಿಂದ ಎರಡು ಸಣ್ಣ ಸ್ಕ್ರೂಗಳು ಬಿಟ್ಟನ್ನು ಒತ್ತಿ ಹಿಡಿಯುತ್ತವೆ. ಗುಂಡು ಗಿರಗಿರ ತಿರುಗಿದಾಗ ಆ ಒಂಟಿ ಹಲ್ಲು ಉಕ್ಕಿನ ಮೇಲ್ಮೈಯನ್ನು ಕನ್ನಡಿಯ ಹಾಗೆ ನಯ ಮಾಡುತ್ತದೆ. ಹಲ್ಲು ಎಷ್ಟು ಹೊರಗೆ ಚಾಚಬೇಕು ಎನ್ನುವುದು ಕೆಲಸದ ಮೇಲೆ ನಿರ್ಧಾರವಾಗುತ್ತದೆ. ಬೇರೆ ಕಡೆಗಳಲ್ಲಿ ಬಿಟ್ ಕೂರಿಸಿದವನೇ ಸ್ಕ್ರೂ ಬಿಗಿದು ಕೊಡುವುದು ಪದ್ಧತಿ. ಭಾವ ಅದಕ್ಕೆ ಒಪ್ಪುತ್ತಿರಲಿಲ್ಲ. ತಮ್ಮ ಕಟರಿನ ಸ್ಕ್ರೂವನ್ನು ಇನ್ನೊಬ್ಬ ಬಿಗಿಯುವುದೆಂದರೆ ತಮ್ಮ ಬಟ್ಟಲಿನಲ್ಲಿ ಇನ್ನೊಬ್ಬ ಕೈ ಹಾಕಿದ ಹಾಗೆ ಅವರಿಗೆ. ಹಾಗಾಗಿ ನಾನು ಸ್ಕ್ರೂಗಳನ್ನು ಬೆರಳಿನಿಂದ ಸುಮ್ಮನೆ ತಾಗಿಸಿ, ಕಟರನ್ನು ಕೊಡುವಾಗ, ಕೈಯಲ್ಲಷ್ಟೇ ಬಿಗಿದದ್ದು ಎನ್ನುವುದಕ್ಕೆ "ಕೈಬಿಗಿ" ಎಂದು ಗಟ್ಟಿಯಾಗಿ ಹೇಳಬೇಕು. ಅವರು "ಗೊತ್ತುಂಟು" ಎನ್ನಬೇಕು. ಆಮೇಲೆ ಅವರು ತಮಗೆ ಬೇಕಾದಷ್ಟು ಹಲ್ಲನ್ನು ಹೊರಗೆಳೆದು, ಎಲ್-ಕೀ ಹಾಕಿ ಪೂರ್ತಿ ಬಿಗಿಯುತ್ತಾರೆ. ನಾಲ್ಕು ವರ್ಷ, ಆ ಕಟರಿನ ಕೆಲಸ ಬಂದ ದಿನವೆಲ್ಲ ನಾಲ್ಕೈದು ಸಲ ಈ ಎರಡು ಮಾತು ನಮ್ಮ ನಡುವೆ ಓಡಾಡಿದ್ದವು. ಅಕ್ಕನಿಗೂ ಇದು ಬಾಯಿಪಾಠ. ಉಪ್ಪಿನಕಾಯಿ ಭರಣಿಯ ಮುಚ್ಚಳ ಸಡಿಲ ಇದ್ದರೆ "ಕೈಬಿಗಿ" ಎಂದು ಹೇಳಿ ನನ್ನ ಕೈಗೆ ಕೊಟ್ಟು ನಗುತ್ತಿದ್ದಳು.

ಶುಕ್ರವಾರ ರಜೆ. ರಜೆಯ ದಿನ ನಾವಿಬ್ಬರೂ ಮಿರ್ದಿಫ್‌ನ ಒಂದು ವಿಲ್ಲಾಕ್ಕೆ ಹೋಗುತ್ತಿದ್ದೆವು. ವರ್ಕ್‌ಶಾಪಿನ ಮಾಲೀಕರ ಚಿಕ್ಕಪ್ಪ ಅಲ್ಲಿದ್ದರು. ಎಪ್ಪತ್ತು ದಾಟಿದ ಅರಬ್ಬಿ ಯಜಮಾನರು, ನಾವು ಬಾಬಾ ಎನ್ನುತ್ತಿದ್ದೆವು. ಅವರ ಅಜ್ಜನ ಕಾಲದ ಏಳೆಂಟು ಬೇಟೆ ಬಂದೂಕುಗಳು ಮನೆಯಲ್ಲಿದ್ದವು. ಎಲ್ಲದಕ್ಕೂ ಲೈಸೆನ್ಸ್, ಎಲ್ಲವೂ ಬೀಗ ಹಾಕಿದ ಕಬ್ಬಿಣದ ಕಪಾಟಿನಲ್ಲಿ. ಹಿತ್ತಲಿನ ಶೆಡ್ಡಿನಲ್ಲಿ ಒಂದು ಸಣ್ಣ ಮಿಲ್ಲಿಂಗ್ ಮಷಿನ್ ಮತ್ತು ಎರಡು ಕಲ್ಲಿನ ಗ್ರೈಂಡರ್ ಇಟ್ಟುಕೊಂಡು ಆ ಮುದಿ ಬಂದೂಕುಗಳ ಮುರಿದ ಕೊಂಡಿ, ಸವೆದ ತಿರುಪು, ತುಕ್ಕು ತಿಂದ ತಗಡು ಸರಿ ಮಾಡಿಸುವುದು ಅವರ ಹುಚ್ಚು. ಗುಂಡು ಹಾರಿಸಿದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅವುಗಳಿಗೆ ಎಣ್ಣೆ ಹಚ್ಚಿ, ಮಡಿಲಲ್ಲಿ ಮಲಗಿಸಿಕೊಂಡು ಗಾವಾ ಕಾಫಿ ಕುಡಿಯುತ್ತಿದ್ದರು, ಅಷ್ಟೇ.

ಹಳೆ ಬಂದೂಕಿನ ತಿರುಪುಗಳ ತಲೆಯಲ್ಲಿ ಕೂದಲೆಳೆಯಷ್ಟು ಸಪೂರ ಗೀರು ಇರುತ್ತದೆ. ಅಂಗಡಿಯ ಸ್ಕ್ರೂಡ್ರೈವರ್ ಹಾಕಿದರೆ ಜಾರಿ ಆ ತಲೆಯೇ ಕಿತ್ತುಹೋಗುತ್ತದೆ. ಪ್ರತಿಯೊಂದು ತಿರುಪಿಗೂ ಬೇರೆ ಬೇರೆ ತುದಿಯನ್ನು ಕಲ್ಲಿನ ಬದಿಗೆ ಹಿಡಿದು ಸಾಣೆ ಮಾಡಿಕೊಡಬೇಕು. ಅದರಲ್ಲಿ ನನಗೆ ನಿಜವಾದ ಖುಷಿ ಇತ್ತು. ವರ್ಕ್‌ಶಾಪಿನಲ್ಲಿ ಪಂಪಿನ ಮುಚ್ಚಳ, ಕ್ರೇನಿನ ಪಿನ್ನು ಎಂದು ದಿನಗಟ್ಟಲೆ ಒಂದೇ ಕೆಲಸ. ಇಲ್ಲಿ ಒಂದೊಂದು ತುಂಡೂ ಒಂದೊಂದು ರೀತಿ. ಊಟಕ್ಕೆ ಮಜ್‌ಬೂಸ್ ಎಂಬ ಮಾಂಸದನ್ನ, ಹೊರಡುವಾಗ ಒಂದು ಡಬ್ಬ ಖರ್ಜೂರ. ಭಾವ ಹೋಗುತ್ತಿದ್ದದ್ದು ಬೇರೆ ಕಾರಣಕ್ಕೆ. ಮಾಲೀಕರ ಚಿಕ್ಕಪ್ಪನ ಮಾತು ಮಾಲೀಕರ ಕಿವಿಗೆ ಬೀಳುತ್ತದೆ. ಅಲ್ ನಹ್ದಾದ ಬಾಡಿಗೆ ಫ್ಲಾಟು, ಎರಡು ಮಕ್ಕಳ ಶಾಲೆ, ಅಕ್ಕನ ವೀಸಾ, ನನ್ನ ವೀಸಾ, ಎಲ್ಲವೂ ಭಾವನ ಒಬ್ಬರ ಕೆಲಸದ ಮೇಲೆ ನಿಂತಿತ್ತು. ಅದು ಅವರಿಗೆ ಯಾವಾಗಲೂ ನೆನಪಿರುತ್ತಿತ್ತು. ಬಾಬಾನ ಎದುರು ತಪ್ಪಾಗುವುದೆಂದರೆ ಅವರಿಗೆ ಜೀವ ಹೋದ ಹಾಗೆ.

ಆ ಶುಕ್ರವಾರ ಬಾಬಾನ ಇಬ್ಬರು ಗೆಳೆಯರು ಶೆಡ್ಡಿಗೆ ಬಂದಿದ್ದರು. ನಾನು ಕಲ್ಲಿನ ಮುಂದೆ ಒಂದು ಬಿಟ್ ಹರಿತ ಮಾಡುತ್ತಿದ್ದೆ. ಮಾತು ಕೇಳುತ್ತಾ ನೀರಿಗೆ ಅದ್ದುವುದು ಒಂದು ಗಳಿಗೆ ತಡವಾಗಿ, ಅಲಗಿನ ಹತ್ತಿರ ಉಕ್ಕು ಕಾದು ತುಸು ನೀಲಿಗೆ ತಿರುಗಿತು. ಹೈಸ್ಪೀಡ್ ಸ್ಟೀಲ್ ಎಂಬ ಆ ಗಟ್ಟಿ ಉಕ್ಕಿಗೆ ಅಷ್ಟು ನೀಲಿಯಿಂದ ಕೂದಲೂ ಕೊಂಕುವುದಿಲ್ಲ. ಅದು ನನಗೂ ಗೊತ್ತು, ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಗೆಳೆಯರಲ್ಲೊಬ್ಬರು ಬಿಟ್ಟನ್ನು ಎತ್ತಿ ನೋಡಿ ಅರಬ್ಬಿಯಲ್ಲಿ ಏನೋ ಹೇಳಿ ನಕ್ಕರು. ಬಾಬಾನೂ ನಕ್ಕರು. ಭಾವ ನಗಲಿಲ್ಲ. ಎರಡು ಹೆಜ್ಜೆ ಬಂದು ನನ್ನ ಕೆನ್ನೆಗೆ ಬಾರಿಸಿದರು.

ಕಣ್ಣೆದುರು ಬೆಳ್ಳಗಾಯಿತು. ನೀರಿನ ಡಬ್ಬಿ ನನ್ನ ಮೊಣಕೈ ತಾಗಿ ಕೆಳಗೆ ಬಿತ್ತು. ಬಾಯಲ್ಲಿ ಉಪ್ಪು ರುಚಿ. "ಸುಟ್ಟು ಹಾಕ್ತೀಯಲ್ಲ ಕತ್ತೆ, ಮಾನ ಉಂಟಾ ನಿಂಗೆ?" ಎಂದರು. ಕಲ್ಲು ಇನ್ನೂ ತಿರುಗುತ್ತಿತ್ತು. ಬಾಬಾ ಎದ್ದು ಬಂದು "ಖಲಾಸ್, ಖಲಾಸ್" ಎನ್ನುತ್ತಾ ಇಬ್ಬರ ನಡುವೆ ನಿಂತರು. ನನ್ನ ಬಲಗೈ ಬೆಂಚಿನ ಮೇಲಿನ ಸುತ್ತಿಗೆಯನ್ನು ಹಿಡಿದಿತ್ತು ಎನ್ನುವುದು ಬಾಬಾ ಅದನ್ನು ಮೆಲ್ಲಗೆ ಬಿಡಿಸಿಕೊಂಡಾಗಲೇ ನನಗೆ ತಿಳಿದದ್ದು. ಮುಚ್ಚಿಡುವುದೇಕೆ, ಆ ಗಳಿಗೆಯಲ್ಲಿ ಅಕ್ಕನ ತಾಳಿ ನನಗೆ ನೆನಪಿರಲಿಲ್ಲ. ಹೊರಗೆ ಬಂದು ಖರ್ಜೂರದ ಮರದ ಬುಡದಲ್ಲಿ ರಕ್ತ ಉಗಿದೆ. ಮಿರ್ದಿಫ್‌ನಲ್ಲಿ ವಿಮಾನಗಳು ತಲೆಗೆ ತಾಗುವ ಹಾಗೆ ಹಾರುತ್ತವೆ. ಒಂದು ಹಾದುಹೋಗುವಾಗ ಆ ಸದ್ದಿನಲ್ಲಿ ನನಗೆ ಗೊತ್ತಿದ್ದ ಬೈಗುಳವನ್ನೆಲ್ಲ ತುಳು, ಕನ್ನಡ, ಹಿಂದಿಯಲ್ಲಿ ಬೈದು ಮುಗಿಸಿದೆ.

ಅಂದಿನಿಂದ ನಾವು ಮಾತು ಬಿಟ್ಟೆವು. ನಮ್ಮ ಕಡೆ ಮಾತು ಬಿಡುವುದು ಮಕ್ಕಳಾಟ ಅಲ್ಲ. ಎರಡು ಮನೆಯ ನಡುವೆ ಒಂದು ಹಲಸಿನ ಮರಕ್ಕಾಗಿ ಮೂರು ತಲೆಮಾರು ಮಾತು ಬಿಟ್ಟವರಿದ್ದಾರೆ. ಒಬ್ಬರ ಮನೆಯ ಹೆಣಕ್ಕೆ ಇನ್ನೊಬ್ಬರು ಹೆಗಲು ಕೊಡುತ್ತಾರೆ, ಮಾತು ಮಾತ್ರ ಇಲ್ಲ. ಮೊದಲು ಬಾಯಿ ತೆರೆದವನು ಸೋತ. ನಾನೂ ಭಾವನೂ ಆ ವಾರ ಪೂರ್ತಿ ಒಂದೇ ವ್ಯಾನಿನಲ್ಲಿ ಹೋಗಿ, ಒಂದೇ ಮಷಿನಿನ ಎರಡು ಬದಿ ನಿಂತು, ಸನ್ನೆಯಲ್ಲೇ ಕೆಲಸ ಮಾಡಿದೆವು. ವರ್ಕ್‌ಶಾಪಿನಲ್ಲಿ ಆ ವಾರ ಫ್ಲೈ ಕಟರಿನ ಕೆಲಸ ಬರಲಿಲ್ಲ. ಬಂದಿದ್ದರೆ ಅಲ್ಲೇ ಆಗುತ್ತಿತ್ತೋ ಏನೋ.

ಅಕ್ಕ ದಿನವೂ ಫೋನ್ ಮಾಡಿದಳು. "ನೀನಾದ್ರೂ ಒಂದು ಮಾತು ಆಡಿಬಿಡು ತಮ್ಮಾ. ಇವ್ರು ಮನೇಲಿ ಸರಿ ಊಟ ಮಾಡ್ತಿಲ್ಲ."

"ಹೊಡೆದವ್ರು ಅವ್ರು. ಮೊದಲು ಅವ್ರು ಮಾತಾಡ್ಲಿ."

"ನಿನ್ನ ಭಾವ ಅಲ್ವನಾ?"

"ಅದಕ್ಕೇ ತಿರುಗಿ ಹೊಡೀಲಿಲ್ಲ ಅಂತ ಹೇಳು ಅವ್ರಿಗೆ," ಎಂದು ಫೋನ್ ಇಟ್ಟೆ.

ಮುಂದಿನ ಶುಕ್ರವಾರ ಇಬ್ಬರೂ ಮಿರ್ದಿಫ್‌ಗೆ ಹೋದೆವು. ಹೋಗದೆ ಇದ್ದರೆ ಬಾಬಾ ಏನೆಂದುಕೊಳ್ಳುತ್ತಾರೋ ಎಂದು ಭಾವ, ಹೋಗದೆ ಇದ್ದರೆ ನಾನು ಹೆದರಿದೆನೆಂದು ಭಾವ ತಿಳಿದಾರು ಎಂದು ನಾನು. ಒಂದು ಬಂದೂಕಿನ ಮೇಲೆ ಕೂರುವ ಅಂಗೈಯಗಲದ ಉಕ್ಕಿನ ಪಟ್ಟಿಯನ್ನು ಹೊಸದಾಗಿ ಮಾಡಬೇಕಿತ್ತು. ಅದರ ಮುಖ ನಯ ಮಾಡಲು ಫ್ಲೈ ಕಟರ್ ಬೇಕು. ನಾನು ಬಿಟ್ ಹರಿತ ಮಾಡಿದೆ. ನನ್ನ ಜೀವಮಾನದಲ್ಲಿ ಅಷ್ಟು ಚಂದ ಬಿಟ್ ಮಾಡಿರಲಿಲ್ಲ, ನೀಲಿಯ ಸುಳಿವೂ ಇರದ ಹಾಗೆ ಹೆಜ್ಜೆಹೆಜ್ಜೆಗೆ ನೀರಿಗದ್ದಿ, ಕೊನೆಗೆ ಎಣ್ಣೆಕಲ್ಲಿನಲ್ಲಿ ತೀಡಿದೆ. ಉಗುರಿನ ಮೇಲೆ ಇಟ್ಟರೆ ತಾನಾಗಿ ಕಚ್ಚಿತು. ಈಗ ತಪ್ಪು ಹೇಳಿ ನೋಡುವ ಎಂದುಕೊಂಡು ಅದನ್ನು ಕಟರಿನ ಗುಂಡಿನಲ್ಲಿ ಕೂರಿಸಿ, ಸ್ಕ್ರೂಗಳನ್ನು ಬೆರಳಿನಿಂದ ತಾಗಿಸಿ, ಭಾವನ ಎದುರು ಇಟ್ಟೆ. ಕೈಗೆ ಕೊಡಲಿಲ್ಲ, ಬೆಂಚಿನ ಮೇಲೆ ಇಟ್ಟೆ. "ಕೈಬಿಗಿ" ಎನ್ನಲಿಲ್ಲ.

ಮರೆತೆನೇ ಎಂದು ಆಮೇಲೆ ನನ್ನನ್ನು ನಾನು ನೂರು ಸಲ ಕೇಳಿಕೊಂಡಿದ್ದೇನೆ. ಮರೆತಿರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಹೇಳಿದರೆ ಮೊದಲು ಬಾಯಿ ಬಿಟ್ಟವನು ನಾನಾಗುತ್ತೇನೆ ಎಂದು ನುಂಗಿದೆ. ಅವರದೇ ಕಾನೂನು, ಅವರಿಗೆ ನೆನಪಿರುತ್ತದೆ, ಬಿಗಿದುಕೊಳ್ಳುತ್ತಾರೆ ಎಂದು ಸಮಾಧಾನ ಹೇಳಿಕೊಂಡೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಹೇಳಿದವರು ಯಾರೋ, ಮಿಲ್ಲಿಂಗ್ ಮಷಿನಿನ ಎದುರು ನಿಂತವರಂತೂ ಅಲ್ಲ.

ಭಾವ ಕಟರನ್ನು ಮಷಿನಿಗೆ ಏರಿಸಿದರು. ಎಲ್-ಕೀ ಅವರ ಕೈಯಲ್ಲಿತ್ತು. ಅದನ್ನು ಸ್ಕ್ರೂವಿನ ಹತ್ತಿರ ತಂದರು, ನನ್ನ ಕಡೆ ನೋಡಿದರು, ಕೀಯನ್ನು ಬೆಂಚಿನ ಮೇಲೆ ಇಟ್ಟರು. ಆಗಲೇ ಬಿಗಿದಾಯಿತೇನೋ ಎಂದುಕೊಂಡೆ. ಸರಿಯಾಗಿ ನೋಡಿದ್ದರೆ ಇಲ್ಲವೆಂದು ತಿಳಿಯುತ್ತಿತ್ತು, ಆದರೆ ನನ್ನ ಗಮನ ಇದ್ದದ್ದು ಅವರ ಮುಖದ ಮೇಲೆ, ಕೈಯ ಮೇಲಲ್ಲ. ಮಷಿನ್ ಅವರ ಎಡಕ್ಕಿತ್ತು, ನಾನು ಎದುರಿಗಿದ್ದೆ. ಕಣ್ಣಿನ ರಕ್ಷಣೆಯ ಕನ್ನಡಕ ಎಂದಿನಂತೆ ಅವರ ಹಣೆಯ ಮೇಲಿತ್ತು. ಸ್ವಿಚ್ಚಿನ ಮೇಲೆ ಬೆರಳಿಟ್ಟು ಅವರು ನನ್ನನ್ನೇ ನೋಡುತ್ತಾ ನಿಂತರು. ಎಷ್ಟು ಹೊತ್ತು? ಒಂದು ಉಸಿರು ಎಳೆದು ಬಿಡುವಷ್ಟು. ಸೊಕ್ಕು ನೋಡು ಇವರದು ಎಂದುಕೊಂಡು ನಾನೂ ದುರುಗುಟ್ಟಿ ನೋಡಿದೆ. ಸ್ವಿಚ್ ಹಾಕಿದರು.

ಕಟರ್ ವೇಗ ಹಿಡಿಯುತ್ತಿದ್ದ ಹಾಗೆ ಟಣ್ ಎಂದು ಒಂದು ಸದ್ದು, ಅದರ ಬೆನ್ನಿಗೇ ಇನ್ನೊಂದು, ಮೆತ್ತಗಿನ ಸದ್ದು. ಆ ಎರಡನೆಯದನ್ನು ನಾನು ಮರೆಯಲಾರೆ. ಭಾವ ಕೂಗಲಿಲ್ಲ. ಎಡಗೈಯನ್ನು ಮುಖಕ್ಕೆ ಒತ್ತಿಕೊಂಡು ನಿಧಾನಕ್ಕೆ ಮಂಡಿಯೂರಿದರು. ಬೆರಳ ಸಂದಿಯಿಂದ ರಕ್ತ ಇಳಿದು ಮಣಿಕಟ್ಟಿನ ವಾಚಿನ ಮೇಲಿಂದ ಮೊಣಕೈಗೆ, ಅಲ್ಲಿಂದ ಸಿಮೆಂಟು ನೆಲಕ್ಕೆ ಸುರಿಯಿತು. ಬಿಟ್ ಹುಬ್ಬಿನ ಎಲುಬನ್ನು ಒಡೆದು, ಕಣ್ಣಿನ ಮೇಲಿಂದ ಹಾದು, ಹಿಂದಿನ ಪ್ಲೈವುಡ್ ಗೋಡೆಯಲ್ಲಿ ನೆಟ್ಟಿತ್ತು. ಬಾಬಾ ತಮ್ಮ ತಲೆಯ ಗುತ್ರಾ ಬಿಚ್ಚಿ ಅವರ ಮುಖಕ್ಕೆ ಒತ್ತಿ ಹಿಡಿದರು. ಬಿಳಿ ಬಟ್ಟೆ ನೋಡನೋಡುತ್ತಿದ್ದ ಹಾಗೆ ಕೆಂಪಾಯಿತು. ಖಾಲಿ ಕಟರ್ ಇನ್ನೂ ತಿರುಗುತ್ತಲೇ ಇತ್ತು. ಅದನ್ನು ನಿಲ್ಲಿಸಬೇಕೆಂದು ನನಗೆ ಹೊಳೆಯಲಿಲ್ಲ. ನಾನು ಆಗ ಬಾಯಿ ಬಿಟ್ಟೆ. "ಭಾವಾ, ಭಾವಾ" ಎಂದು ಅರಚಿದೆ. ಒಂದು ವಾರದ ನಂತರ ಅವರೊಡನೆ ಆಡಿದ ಮೊದಲ ಮಾತು ಅದು.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ಶಾಲೆಯಲ್ಲಿ ವಿಸ್ತರಿಸಿ ಬರೆದು ಹತ್ತಕ್ಕೆ ಎಂಟು ಅಂಕ ತೆಗೆದವನು ನಾನು. ಎಡಗಣ್ಣು ಉಳಿಯಲಿಲ್ಲ. ಡಾಕ್ಟರ್ ಹೊರಗೆ ಬಂದು ಹಿಂದಿಯಲ್ಲಿ ಹೇಳಿದಾಗ ಅಕ್ಕ ನನ್ನ ಅಂಗಿಯ ತೋಳನ್ನು ಹಿಡಿದು ನಿಂತಿದ್ದಳು. ತೋಳಿನ ಮೇಲೆ ಅವಳ ಗಂಡನ ರಕ್ತ ಒಣಗಿ ಗಟ್ಟಿಯಾಗಿತ್ತು.

ಪೊಲೀಸರು ಬಂದರು. ಅಲ್ಲಿ ಇಂಥ ಗಾಯಕ್ಕೆ ಆಸ್ಪತ್ರೆಯೇ ಪೊಲೀಸರಿಗೆ ತಿಳಿಸುತ್ತದೆ. ಒಬ್ಬರ ವೀಸಾದಲ್ಲಿದ್ದು ಇನ್ನೊಬ್ಬರ ಮನೆಯಲ್ಲಿ ಕೆಲಸ ಮಾಡಿದ್ದು ಎಂದಾದರೆ ಇಬ್ಬರೂ ಊರಿಗೆ ವಾಪಸ್, ಮತ್ತೆ ಬರುವ ಹಾಗಿಲ್ಲ. ಬಾಬಾ ಗುತ್ರಾ ಇಲ್ಲದ ಬರಿತಲೆಯಲ್ಲೇ ಬಂದು, ಇವರು ನನ್ನ ಮನೆಗೆ ಊಟಕ್ಕೆ ಬಂದ ಅತಿಥಿಗಳು, ನನ್ನ ಮಷಿನ್ ನೋಡುತ್ತಿದ್ದರು ಎಂದು ಹೇಳಿ ಸಹಿ ಮಾಡಿದರು. ಮರುದಿನ ಭಾವನಿಗೆ ಎಚ್ಚರವಾದ ಮೇಲೆ ಅವರನ್ನೂ ಕೇಳಿದರು. "ಸ್ಕ್ರೂ ನಾನೇ ಬಿಗಿ ಮಾಡ್ಲಿಲ್ಲ. ನನ್ನದೇ ತಪ್ಪು. ಬೇರೆ ಯಾರದ್ದೂ ಅಲ್ಲ" ಎಂದರು. ಅದನ್ನು ಅರಬ್ಬಿಗೆ ತಿರುಗಿಸಿ ಬರೆದುಕೊಂಡು ಹೋದರು. ಕೇಸು ಅಲ್ಲಿಗೆ ಮುಗಿಯಿತು.

ಪೊಲೀಸರು ಹೋದ ಮೇಲೆ ಅಕ್ಕ ಬಾಗಿಲು ಎಳೆದು ನನ್ನ ಎದುರು ನಿಂತಳು. "ನೀನು ಕೈಬಿಗಿ ಅಂತ ಹೇಳಿದ್ಯಾ?"

ಭಾವ ಮಂಚದ ಮೇಲಿದ್ದರು. ಅರ್ಧ ಮುಖಕ್ಕೆ ಬಟ್ಟೆ ಕಟ್ಟಿತ್ತು. ಉಳಿದ ಕಣ್ಣು ತೆರೆದೇ ಇತ್ತು.

"ಹೇಳಿದ್ದೆ" ಎಂದೆ.

ಭಾವ ಮುಖವನ್ನು ಗೋಡೆಯ ಕಡೆ ತಿರುಗಿಸಿದರು. ಅಕ್ಕ ನನ್ನನ್ನು ನಂಬಿದಳು, ನಂಬಿ ಅವರಿಗೇ ಬೈದಳು. "ಅವ ಹೇಳಿದ್ರೂ ಕೇಳ್ಳಿಲ್ಲ ಅಲ್ವಾ ನೀವು? ಹಟ, ಎಲ್ಲಾದಕ್ಕೂ ಹಟ!" ಎಂದು ಮಂಚದ ಕಂಬಿಗೆ ಹಣೆ ಹಚ್ಚಿ ಅತ್ತಳು. ನಾನು ಅಲ್ಲಿ ನಿಂತಿರಲಾಗದೆ ಆಸ್ಪತ್ರೆಯ ಮೆಟ್ಟಿಲಿಳಿದು ಹೋಗಿ ಕಾರ್ ಪಾರ್ಕಿನ ಕಂಬಕ್ಕೆ ಮುಷ್ಟಿಯಿಂದ ಗುದ್ದಿದೆ. ಎರಡು ಬೆರಳು ಊದಿಕೊಂಡು ತಿಂಗಳು ಕೆಲಸಕ್ಕೆ ಬರಲಿಲ್ಲ. ನನಗೆ ಅಷ್ಟೇ ಶಿಕ್ಷೆ ಆದದ್ದು.

ಮಾಲೀಕರು ಭಾವನನ್ನು ಊರಿಗೆ ಕಳುಹಿಸಲಿಲ್ಲ. ಬಾಬಾ ಹೇಳಿರಬೇಕು. ಆದರೆ ಒಂದು ಕಣ್ಣಿನವನನ್ನು ಮಷಿನಿನ ಮುಂದೆ ನಿಲ್ಲಿಸುವ ಹಾಗಿಲ್ಲವೆಂದು ಸ್ಟೋರಿಗೆ ಹಾಕಿದರು. ಬೋಲ್ಟು, ಎಣ್ಣೆ ಡಬ್ಬಿ, ಕೈಗವಸು ಎಣಿಸಿ ಕೊಡುವ ಕೆಲಸ. ಭಾವನ ಮಷಿನಿಗೆ ನನ್ನನ್ನು ನಿಲ್ಲಿಸಿದರು. ಅದರ ಹಿಡಿಕೆಯಲ್ಲಿ ಅವರ ಅಂಗೈ ಹಿಡಿದು ಹಿಡಿದು ಪೇಂಟು ಹೋಗಿತ್ತು. ಅಲ್ಲೇ ನನ್ನ ಕೈ ಇಡಬೇಕಿತ್ತು. ಮೊದಲ ವಾರ ನಾನು ಎರಡು ತುಂಡು ಹಾಳು ಮಾಡಿದೆ. ಸ್ಟೋರಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಭಾವ ಬಂದು ಬೈದಿದ್ದರೆ, ಸ್ಪ್ಯಾನರ್ ಎಸೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. ಆ ಮನುಷ್ಯ ಬೈಯುವುದನ್ನೇ ಬಿಟ್ಟಿದ್ದರು. ಮಾತು ಬೇಕಾದಷ್ಟು ಆಡುತ್ತಿದ್ದರು, ಊಟ ಆಯ್ತಾ, ವ್ಯಾನ್ ಬಂತಾ ಎಂದು, ನೆರೆಮನೆಯವರ ಹಾಗೆ. ಅದು ಮಾತು ಬಿಟ್ಟದ್ದಕ್ಕಿಂತ ಕಷ್ಟವಾಗಿತ್ತು.

ಶುಕ್ರವಾರಗಳಂದು ಮೀನು ತೆಗೆದುಕೊಂಡು ಅಲ್ ನಹ್ದಾಕ್ಕೆ ಹೋಗತೊಡಗಿದೆ. ಒಂದು ಕಣ್ಣು ಹೋದವರಿಗೆ ದೂರ ಹತ್ತಿರ ತಿಳಿಯುವುದಿಲ್ಲವಂತೆ. ಭಾವ ಚಾ ಬಗ್ಗಿಸಿದರೆ ಕಪ್ಪಿನ ಈಚೆಗೆ ಬೀಳುತ್ತಿತ್ತು. "ಪಪ್ಪಾ, ಯು ಸ್ಪಿಲ್ಡ್ ಅಗೇನ್" ಎಂದು ಅಕ್ಕನ ಸಣ್ಣ ಮಗಳು ಬಟ್ಟೆ ತಂದು ಒರೆಸುತ್ತಿದ್ದಳು. ಹೊರಗೆ ನಡೆಯುವಾಗ ಮೆಟ್ಟಿಲು ತಪ್ಪುತ್ತಿದ್ದರು. ಉಕ್ಕಿನ ಮೇಲೆ ಕೂದಲೆಳೆಯ ವ್ಯತ್ಯಾಸವನ್ನು ಬರಿಗಣ್ಣಲ್ಲಿ ಹಿಡಿಯುತ್ತಿದ್ದ ಮನುಷ್ಯ ಈಗ ಲಿಫ್ಟಿನ ಗುಂಡಿಗೆ ಎರಡು ಸಲ ಬೆರಳು ಚಾಚುತ್ತಿದ್ದರು. ನನ್ನ ಒಂದು ಸುಳ್ಳು ಅಕ್ಕನ ಮನೆಯಲ್ಲಿ ಇವರನ್ನು ಹಟಮಾರಿ ಮಾಡಿ ಕೂರಿಸಿತ್ತು. ಅಕ್ಕ ಏನು ಕಷ್ಟ ಬಂದರೂ "ಅವ ಅಷ್ಟು ಹೇಳಿದ್ರೂ ಕೇಳ್ಳಿಲ್ಲ ಇವ್ರು" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಭಾವ ತಲೆ ತಗ್ಗಿಸಿ ಕೇಳುತ್ತಿದ್ದರು. ಅಷ್ಟು ಹೊತ್ತೂ ನಾನು ತಟ್ಟೆಯ ಬಂಗುಡೆಯ ಮುಳ್ಳು ಬಿಡಿಸುತ್ತಾ ಕೂರುತ್ತಿದ್ದೆ.

ಐದಾರು ತಿಂಗಳು ಹೀಗೆ ಕಳೆದವು. ಒಂದು ಶುಕ್ರವಾರ ಮಧ್ಯಾಹ್ನ ಅಕ್ಕ ಒಳಗೆ ಮೀನು ಹುರಿಯುತ್ತಿದ್ದಳು. ಮಕ್ಕಳು ಪಕ್ಕದ ಫ್ಲಾಟಿನಲ್ಲಿ ಆಡಲು ಹೋಗಿದ್ದವು. ಭಾವ ಎದುರು ಕೂತು ಪೇಪರನ್ನು ಕಣ್ಣಿನ ಹತ್ತಿರ, ದೂರ ಹಿಡಿದು ನೋಡುತ್ತಿದ್ದರು. ನನಗೆ ಇನ್ನು ತಡೆಯಲಾಗಲಿಲ್ಲ.

"ಭಾವಾ, ಅವತ್ತು ನಾನು ಹೇಳ್ಲಿಲ್ಲ."

"ಎಂತದ್ದು?"

"ಕೈಬಿಗಿ ಅಂತ. ಹೇಳ್ಲಿಲ್ಲ. ಅಕ್ಕನ ಹತ್ರ ಸುಳ್ಳು ಹೇಳಿದೆ. ಬೇಕೂಂತಲೇ ಹೇಳ್ಲಿಲ್ಲ."

ಅವರು ಪೇಪರ್ ಮಡಚಿದರು. "ಗೊತ್ತುಂಟು" ಎಂದರು.

ನಾನು ಕೂತಲ್ಲಿಂದ ಅರ್ಧ ಎದ್ದೆ.

"ನೀನು ಬೆಂಚಿನ ಮೇಲೆ ಇಟ್ಟಾಗಲೇ ಗೊತ್ತಾಯ್ತು ಮಾರಾಯ. ಕೈಬಿಗಿ ಅಂತ ಹೇಳ್ದೆ ನೀನು ಯಾವತ್ತು ಕೊಟ್ಟದ್ದುಂಟು? ಕೀ ನನ್ನ ಕೈಯಲ್ಲೇ ಇತ್ತು. ಒಂದು ಸುತ್ತು ಕೊಟ್ಟಿದ್ರೆ ಮುಗೀತಿತ್ತು." ಅವರು ಪೇಪರಿನ ಮಡಿಕೆಯನ್ನು ಉಗುರಿನಿಂದ ತೀಡಿದರು. "ಸ್ವಿಚ್ ಮೇಲೆ ಬೆರಳು ಇಟ್ಟು ನಿನ್ನ ಮೋರೆ ನೋಡ್ತಾ ನಿಂತೆ. ಈಗ ಬೊಬ್ಬೆ ಹಾಕ್ತಾನೆ, ಬೊಬ್ಬೆ ಹಾಕ್ಲಿ, ಮೊದಲು ಬಾಯಿ ಬಿಡುದು ಅವನೇ ಆಗ್ಲಿ ಅಂತ ಕಾದೆ. ಹಾಕದಿದ್ರೆ ಓಡಿಸುವ, ಪಟ್ಟಿ ಹಾಳಾಗ್ಲಿ, ಬಾಬಾನ ಎದುರು ನಿನ್ನ ಮರ್ಯಾದೆ ತೆಗಿಯುವ ಅಂತ ಇತ್ತು ನಂಗೆ. ಸ್ವಲ್ಪವಾದ್ರೂ ಹಿಡಿದಿರ್ತದೆ ಅಂತ ಎಣಿಸಿದ್ದೆ. ಹಿಡೀಲಿಲ್ಲ."

"ನೀವು ಸೊಕ್ಕಿನಲ್ಲಿ ನೋಡಿದ್ದು ಅಂತ ನಾನು..."

"ಸೊಕ್ಕೇ" ಎಂದರು. "ಮತ್ತೆಂತ?"

ಹುರಿಯುವ ಸದ್ದು ನಿಂತಿತ್ತು. ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಅಕ್ಕ. ಕೈಯಲ್ಲಿ ಸಟ್ಟುಗ, ಅದರಿಂದ ಎಣ್ಣೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅವಳು ಎಷ್ಟನ್ನು ಕೇಳಿದ್ದಳೋ, ಸಾಕಾಗುವಷ್ಟು ಕೇಳಿದ್ದಳು. ಮೊದಲು ನನ್ನ ಹತ್ತಿರ ಬಂದಳು. ಬಿಸಿ ಸಟ್ಟುಗದಿಂದ ಹೆಗಲಿಗೆ, ಬೆನ್ನಿಗೆ, ಅಡ್ಡ ಹಿಡಿದ ಕೈಗೆ, ಎಲ್ಲಿ ಸಿಕ್ಕಿತೋ ಅಲ್ಲಿ ಬಡಿದಳು. ನಾನು ಕದಲಲಿಲ್ಲ. ಆಮೇಲೆ ಗಂಡನ ಕಡೆ ತಿರುಗಿ ಸಟ್ಟುಗ ಎತ್ತಿದಳು. ಅವರ ಮುಖ ನೋಡಿ ಎತ್ತಿದ ಕೈ ಹಾಗೇ ನಿಂತಿತು. ಸಟ್ಟುಗವನ್ನು ಗೋಡೆಗೆ ಬೀಸಿ ಎಸೆದಳು.

"ನಿಮ್ಮಿಬ್ರ ಹಟಕ್ಕೆ ನನ್ನ ಮಕ್ಕಳ ಅನ್ನ ಬೇಕಿತ್ತಾ? ಬೇಕಿತ್ತಾ ಹೇಳಿ! ಬಾಯಿ ಉಂಟಲ್ಲ ಇಬ್ರಿಗೂ, ಈಗ ಬರ್ತದಲ್ಲ ಮಾತು! ಹೋಗಿ, ನನ್ನ ಕಣ್ಣೆದುರು ನಿಲ್ಬೇಡಿ, ಎಲ್ಲಿಯಾದ್ರೂ ಹೋಗಿ ಸಾಯಿರಿ!" ಇಬ್ಬರನ್ನೂ ಎರಡೂ ಕೈಯಿಂದ ದೂಡಿದಳು. ಅವಳಲ್ಲಿ ಅಷ್ಟು ಬಲ ಇದೆಯೆಂದು ನನಗೆ ಗೊತ್ತಿರಲಿಲ್ಲ. ಹೊರಗೆ ದಬ್ಬಿ, ನಮ್ಮ ಚಪ್ಪಲಿಗಳನ್ನು ಹಿಂದಿನಿಂದ ಎಸೆದು ಬಾಗಿಲು ಹಾಕಿದಳು. ಒಳಗಿನಿಂದ ಚಿಲಕ ಬಿತ್ತು. ಆಮೇಲೆ ಅವಳು ಬಾಗಿಲಿಗೇ ಒರಗಿ ಅಳುವುದು ನಮಗೆ ಕೇಳುತ್ತಿತ್ತು.

ಲಿಫ್ಟಿನ ಎದುರಿನ ಆ ಸಣ್ಣ ಜಾಗದಲ್ಲಿ ನಾವಿಬ್ಬರೇ. ಎದುರು ಫ್ಲಾಟಿನವರು ಬಾಗಿಲು ತೆರೆದು ನೋಡಿ ಮುಚ್ಚಿದರು. ಭಾವ ಬಗ್ಗಿ ಚಪ್ಪಲಿಗೆ ತಡಕಾಡಿದರು. ನಾನು ಒಂದನ್ನು ಎತ್ತಿ ಅವರ ಕಾಲಿನ ಎದುರು ಇಟ್ಟೆ. ಅದನ್ನು ಕಂಡ ಕೂಡಲೇ ಅವರಿಗೆ ಏನಾಯಿತೋ, ನೆಟ್ಟಗೆ ನಿಂತು ಕೈ ಬೀಸಿ ನನ್ನ ಕೆನ್ನೆಗೆ ಹೊಡೆದರು. ಏಟು ಬೀಳಲಿಲ್ಲ. ಅವರ ಅಂಗೈ ನನ್ನ ಮೂಗಿನ ಎದುರು ನಾಲ್ಕು ಬೆರಳು ಅಂತರದಲ್ಲಿ ಗಾಳಿಯನ್ನು ಸೀಳಿ ಹೋಯಿತು. ಬೀಸಿದ ರಭಸಕ್ಕೆ ಅವರೇ ತೂಗಿ ಗೋಡೆ ಹಿಡಿದರು. ನಾನು ಎಲ್ಲಿ ನಿಂತಿದ್ದೇನೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಉಳಿದ ಒಂದು ಕಣ್ಣಿನಲ್ಲಿ ನೀರು ತುಂಬಿತ್ತು.

ಅವರು ಮತ್ತೆ ಕೈ ಎತ್ತಿದರು. ಈ ಸಲ ನಾನು ಒಂದು ಹೆಜ್ಜೆ ಮುಂದೆ ಹೋಗಿ ಮುಖ ಕೊಟ್ಟೆ.